ಮೂರನೇ ಬೀರು ಕಕ್ಕಡ ದಾಟಿತು!

ಇವತ್ತು ಮಧ್ಯಾಹ್ನ ನಮ್ಮ ಹೈಸ್ಕೂಲು ಲೈಬ್ರರಿಯ ಮೂರನೇ ಬೀರು ತೆಗೆದು ಒಂದೊಂದೇ ಪುಸ್ತಕ ಮೂಸಿ ನೋಡಿದೆ. ಬೂಷ್ಟಿನ ವಾಸನೆ ಇಲ್ಲ. ಬೆನ್ನಿನ ಮೇಲೆ ಬಿಳಿ ಚುಕ್ಕೆ ಒಂದೂ ಇಲ್ಲ. ಕೊಡಗಿನ ನಾಪೋಕ್ಲು ಕಡೆ ಜೋರು ಮಳೆಯ ಕಕ್ಕಡ ತಿಂಗಳು ಕಳೆದ ಮೇಲೂ ಹೀಗೆ ಹೇಳೋದು ಸಣ್ಣ ಮಾತಲ್ಲ. ಒಂಬತ್ತನೇ ಕ್ಲಾಸಿನ ಹುಡುಗಿಯರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಈ ವರ್ಷದ ಬೇರೆ ಹೊಸದೆಲ್ಲ ಬೇಗ ಹೇಳಿಬಿಡುತ್ತೇನೆ. ಬೆನ್ನಿಗೆ ಬಣ್ಣದ ಚೀಟಿ ಅಂಟಿಸಿ ಆಯಿತು. ಪುಸ್ತಕ ವಿಂಗಡಿಸುವ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ನಂಬರು 894.814 ಈಗ ಮಕ್ಕಳಿಗೆ ಬಾಯಿಪಾಠ. ಕಿಟಕಿ ಪಕ್ಕ ಎರಡು ಬೆಂಚು ಬಂದಿವೆ. ಉಳಿದ ಸಮಯವೆಲ್ಲ ಹೋಗಿದ್ದು ಬೂಷ್ಟಿನ ಹಿಂದೆ.

ಹೋದ ಮಳೆಗಾಲದಲ್ಲಿ ನಾವು ಮಾಡಿದ್ದು ಎಲ್ಲರೂ ಮಾಡುವುದನ್ನೇ. ನುಸಿಗುಳಿಗೆ ಇಟ್ಟೆವು. ಅದು ಹುಳಕ್ಕೆ ಸರಿ, ಬೂಷ್ಟು ಅದಕ್ಕೆ ಬಗ್ಗಲಿಲ್ಲ. ಗಾಳಿ ಆಡಲಿ ಅಂತ ಕಿಟಕಿ ತೆಗೆದಿಟ್ಟೆವು. ಹೊರಗಿನ ಗಾಳಿಯೇ ಒದ್ದೆ ಬಟ್ಟೆಯ ಹಾಗಿರುವಾಗ ಕಿಟಕಿ ತೆಗೆದರೆ ತೇವವನ್ನು ಕರೆದು ಕೂರಿಸಿದಂತೆ ಅಲ್ವಾ? ಈ ವರ್ಷ ಜೂನ್‌ನಿಂದ ಕಿಟಕಿ ಬಂದ್. ಬೀರುಗಳನ್ನು ಪಡುವಣ ಗೋಡೆಯಿಂದ ಒಂದು ಗೇಣು ಮುಂದೆ ತಂದು, ಕೆಳಗೆ ಮರದ ತುಂಡು ಕೊಟ್ಟೆವು. ತೇವ ಹೀರುವ ಸಿಲಿಕಾ ಜೆಲ್ ತರಿಸಿದೆವು. ಕಿತ್ತಳೆ ಬಣ್ಣದ್ದು ಬೇಕು, ಕೋಬಾಲ್ಟ್ ಇರುವ ನೀಲಿ ಬೇಡ ಅಂತ ಎರಡು ಸಲ ಹೇಳಿದ್ದೆ. ಬಂದದ್ದು ನೀಲಿ. ಅದೂ ದಾರಿಯಲ್ಲೇ ತೇವ ಕುಡಿದು ಗುಲಾಬಿಯಾಗಿತ್ತು! ವಾಪಸ್ ಕಳಿಸಿದೆ. ದುಡ್ಡು ಇನ್ನೂ ಬಂದಿಲ್ಲ.

ನಿಜವಾಗಿ ತಲೆ ಕೆಡಿಸಿದ್ದು ಈ ಮೂರನೇ ಬೀರು. ಅದರೊಳಗೆ ಇಟ್ಟ ತೇವ ಅಳೆಯುವ ಮೀಟರ್ ದಿನಾ ಶೇಕಡಾ 61 ತೋರಿಸುತ್ತಿತ್ತು. ತೇವ ಶೇಕಡಾ 65ರ ಒಳಗಿದ್ದರೆ ಬೂಷ್ಟು ಬೆಳೆಯೋದು ಕಷ್ಟ. ಹಾಗಿದ್ದರೂ ಕ್ಯಾಲಿಕೊ ಬೈಂಡಿನ ಪುಸ್ತಕಗಳ ಮೇಲೆಲ್ಲ ಬಿಳಿ ಬಿಳಿ. ಆ ಬಟ್ಟೆಗೆ ಹಾಕುವ ಗಂಜಿ, ಬೈಂಡಿಂಗಿನ ಮೈದಾ ಅಂಟು ಎರಡೂ ಬೂಷ್ಟಿಗೆ ಊಟ. ಒರೆಸಿದ ಎಂಟೇ ದಿನಕ್ಕೆ ಮತ್ತೆ ಬಂತು.

ಕೊನೆಗೆ ಮೀಟರ್ ಮೇಲೇ ಅನುಮಾನ ಬಂತು. ಮೀಟರ್ ಸರಿ ತೋರಿಸುತ್ತದಾ ಅಂತ ನೋಡಲು ಉಪ್ಪಿನ ಪರೀಕ್ಷೆ ಇದೆ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು, ಅದು ಕರಗದೆ ಕೆಸರಾಗುವಷ್ಟು ಮಾತ್ರ ನೀರು. ಅದನ್ನು ಮೀಟರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಒಳಗಿನ ತೇವ 75ಕ್ಕೆ ಬಂದು ನಿಲ್ಲುತ್ತದೆ. ಮೂರೂ ಮೀಟರ್ ಇಟ್ಟು ಮನೆಗೆ ಹೋದೆ.

(ಆ ರಾತ್ರಿ ನಿದ್ದೆ ಬಾರದೆ ಮುಂದಿನ ಕೆಲಸದ ಪಟ್ಟಿ ಬರೆದೆ. ಲೈಬ್ರರಿಯಲ್ಲಿ ಒಂದು ಮಾತಿನ ಕಪಾಟು ಬೇಕು. ಮಕ್ಕಳು ಮನೆಯ ಅಜ್ಜ ಅಜ್ಜಿಯರ ಕಥೆಗಳನ್ನು ಕೊಡವ ತಕ್ಕ್, ಅರೆಭಾಷೆ, ಯರವ ಮಾತು ಯಾವುದರಲ್ಲಿದ್ದರೆ ಅದರಲ್ಲೇ ರೆಕಾರ್ಡ್ ಮಾಡಿ ತರಬೇಕು. ಪುಸ್ತಕದ ಹಾಗೆ ಅದಕ್ಕೂ ನಂಬರು ಕೊಟ್ಟು ಎರವಲು ಕೊಡಬೇಕು. ಒಂದು ಹಳೆ ಫೋನು, ಎರಡು ಹೆಡ್‌ಫೋನು ಸಾಕು. ಇದರ ಬಗ್ಗೆ ಬೇರೆಯೇ ಬರೆಯುತ್ತೇನೆ.)

ಬೆಳಿಗ್ಗೆ ನೋಡಿದರೆ, ಉಪ್ಪಿನ ಋಣಕ್ಕೆ ಕಟ್ಟುಬಿದ್ದು ಮೂರೂ ಮೀಟರ್ ನಿಜ ಬಾಯಿಬಿಟ್ಟಿದ್ದವು. ಒಂದು 74, ಒಂದು 79. ಮೂರನೇ ಬೀರುವಿನದ್ದು 66! ಒಂಬತ್ತು ಕಡಿಮೆ. ಅಂದರೆ ನಾವು 61 ಅಂತ ನಂಬಿದ್ದು ನಿಜವಾಗಿ 70. ಇಷ್ಟು ದಿನ ಪುಸ್ತಕಗಳು ನೆನೆಯುತ್ತಲೇ ಇದ್ದವು. ತುಂಬಾ ಬೇಜಾರಾಯಿತು.

ದಾರಿ ತೋರಿಸಿದ್ದು ಒಬ್ಬ ಹುಡುಗನ ಅಜ್ಜ, ಮಿಲಿಟರಿಯಿಂದ ನಿವೃತ್ತರಾದವರು. "ಟೀಚರೇ, ನಮ್ಮ ಕೋವಿ ಕಪಾಟಿನಲ್ಲಿ ಮಳೆಗಾಲ ಪೂರ್ತಿ ಜೀರೋ ಬಲ್ಬ್ ಉರೀತಾ ಇರ್ತದೆ. ಇಲ್ಲಾಂದ್ರೆ ಕೈಲ್‌ಪೊಳ್ದ್ (ಕೋವಿ ಪೂಜೆಯ ಹಬ್ಬ) ಹೊತ್ತಿಗೆ ಕೋವಿಗೆ ತುಕ್ಕು," ಅಂದರು. ಸರಿಯಾದ ಮಾತು. ಗಾಳಿಯಲ್ಲಿರುವ ನೀರನ್ನು ತೆಗೆಯದೆ ಗಾಳಿಯನ್ನು ಬೆಚ್ಚಗೆ ಮಾಡಿದರೂ ಸಾಕು. 20 ಡಿಗ್ರಿಯಲ್ಲಿ ಶೇಕಡಾ 90 ತೇವ ಇರುವ ಗಾಳಿ 25 ಡಿಗ್ರಿಗೆ ಬಂದರೆ 66ಕ್ಕೆ ಇಳಿಯುತ್ತದೆ.

ಜೀರೋ ಬಲ್ಬ್ ಕೇಳಿದರೆ ಅಂಗಡಿಯಲ್ಲಿ ಎಲ್ಲ ಎಲ್‌ಇಡಿ. "ಬಿಸಿಯೇ ಆಗಲ್ಲ ಮೇಡಂ, ಕರೆಂಟೂ ಕಮ್ಮಿ," ಅಂತ ಅಂಗಡಿಯವರು ಹೊಗಳಿದ್ದೇ ಹೊಗಳಿದ್ದು. ನನಗೆ ಬೇಕಾದದ್ದೇ ಬಿಸಿ! ಹಳೆಯ ತಂತಿಯ 15 ವ್ಯಾಟಿನದ್ದು ಹುಡುಕಿ ಹಾಕಿದೆ. ಕೋವಿಯ ಸಣ್ಣ ಮರದ ಕಪಾಟಿಗೆ ಅದು ಸಾಕು, ದೊಡ್ಡ ಕಬ್ಬಿಣದ ಬೀರುವಿಗೆ ಸಾಲಲಿಲ್ಲ. ಒಂದೇ ಡಿಗ್ರಿ ಏರಿತು. ಕೊನೆಗೆ ಕುಶಾಲನಗರದಲ್ಲಿ 40 ವ್ಯಾಟಿನ ಎರಡು ಬಲ್ಬ್ ಸಿಕ್ಕಿದವು. ಕೆಳಗಿನ ತಟ್ಟು ಪೂರ್ತಿ ಖಾಲಿ ಮಾಡಿ, ತಂತಿಬಲೆಯೊಳಗೆ ಕೂರಿಸಿದೆವು. ಪುಸ್ತಕ ಬಲ್ಬಿನಿಂದ ಒಂದು ಅಡಿಯಾದರೂ ದೂರ ಇರಲೇಬೇಕು, ಇದರಲ್ಲಿ ರಾಜಿ ಬೇಡ. ಬೀರುವಿನ ಹೊರಮೈಗೆ, ಹಿಂದೆ ಮತ್ತು ಎರಡು ಪಕ್ಕ, ಥರ್ಮೋಕೋಲ್ ಅಂಟಿಸಿದೆವು.

ಆದರೂ ಮೊದಲ ನಾಲ್ಕು ದಿನ ಮೀಟರ್ ಅಲ್ಲಾಡಲಿಲ್ಲ. ಪುಸ್ತಕದ ಹೊಟ್ಟೆಯೊಳಗಿನ ತೇವ ಹೊರಗೆ ಬರುತ್ತಿತ್ತು. ಐದನೇ ದಿನ, ಮೀಟರಿನ ತಪ್ಪು ಸರಿಪಡಿಸಿ ನೋಡಿದರೆ, ಕೆಳಗೆ 61, ಮೇಲಿನ ತಟ್ಟಿನಲ್ಲಿ ಮಾತ್ರ 72. ತಟ್ಟುಗಳು ಬಿಸಿಯನ್ನು ತಡೆಯುತ್ತಿದ್ದವು. ನಮ್ಮ ಹಳೆ ವಿದ್ಯಾರ್ಥಿ, ಈಗ ವೆಲ್ಡಿಂಗ್ ಕೆಲಸ ಮಾಡುವವನು, ಡ್ರಿಲ್ ತಂದು ಪ್ರತಿ ತಟ್ಟಿಗೂ ತೂತು ಕೊರೆದ. ದುಡ್ಡು ತೆಗೆದುಕೊಳ್ಳಲಿಲ್ಲ. ಪುಸ್ತಕಗಳನ್ನು ಎರಡು ಇಂಚು ಮುಂದೆ ಎಳೆದಿಟ್ಟೆವು. ಮೇಲೂ 63ಕ್ಕೆ ಬಂತು. ಆಮೇಲೆ ಏರಲಿಲ್ಲ.

ಖರ್ಚು ದಿನಕ್ಕೆ ಸುಮಾರು ಎರಡು ಯೂನಿಟ್ ಕರೆಂಟು. ಕರೆಂಟು ಇದ್ದರೆ! ಮರ ಬಿದ್ದು ಲೈನ್ ಹೋಗಿ ಎರಡು ದಿನ ಕತ್ತಲಾದಾಗ ಬಾಗಿಲಿನ ಸಂದಿಗೆ ಬಟ್ಟೆ ತುರುಕಿ ಮುಚ್ಚಿಟ್ಟಿದ್ದೆವು, 66ಕ್ಕೇ ನಿಂತಿತು. ಜಾಸ್ತಿ ದಿನ ಹೋದರೆ ಸಿಲಿಕಾ ಜೆಲ್ ಬೇಕೇ ಬೇಕು, ಆದರೆ ಬೇರೆ ಅಂಗಡಿಯದ್ದು.

ಇನ್ನೂ ನಾಲ್ಕು ಬೀರು ಬಾಕಿ. ಅಂದರೆ ಎಂಟು ಬಲ್ಬ್. ವಿರಾಜಪೇಟೆ, ಗೋಣಿಕೊಪ್ಪ ಕಡೆ 40 ವ್ಯಾಟಿನ ಹಳೆ ತಂತಿ ಬಲ್ಬ್ ಯಾರ ಅಂಗಡಿಯಲ್ಲಾದರೂ ಕಂಡರೆ ದಯವಿಟ್ಟು ನನಗಾಗಿ ತೆಗೆದಿಡಿಸಿ. ಶನಿವಾರ ಕ್ಲಾಸ್ ಮುಗಿಸಿ ನಾನೇ ಬಂದು ತೆಗೆದುಕೊಳ್ಳುತ್ತೇನೆ.