ಕಪ್ಪಾಗುವ ಮಾನಿಟರ್: ಕೇಬಲ್ ಒಂದು, ಕಾಯಿಲೆ ಎರಡು

ಮಾನಿಟರ್ ಆರ್ಮ್ (ಪರದೆ ಹಿಡಿಯುವ ತೋಳು) ಫಿಟ್ಟಿಂಗ್, ಡ್ರೈವರ್, ಡೆಡ್ ಪಿಕ್ಸೆಲ್ ಹುಡುಕಾಟ ಎಲ್ಲ ಮಾಮೂಲು, ಬಿಟ್ಟುಬಿಡೋಣ. 27 ಇಂಚು, 2560×1440, 165 ಹರ್ಟ್ಸ್ (ಸೆಕೆಂಡಿಗೆ 165 ಸಲ ಚಿತ್ರ ಬದಲಿಸುವ) ಮಾನಿಟರ್. ತಕರಾರು ಇಷ್ಟೇ: ಆಗಾಗ ಪರದೆ ಎರಡು ಸೆಕೆಂಡ್ ಕಪ್ಪಾಗಿ, ಏನೂ ಆಗೇ ಇಲ್ಲವೆಂಬಂತೆ ವಾಪಸ್ ಬರುತ್ತದೆ.

ಕಪ್ಪಾದ ಮೇಲೆ ಕಂಪನಿಯ ಲೋಗೋ ಮೂಡಿದರೆ ಮಾನಿಟರೇ ರೀಸ್ಟಾರ್ಟ್ ಆಗುತ್ತಿದೆ ಎಂದರ್ಥ. ಆಗ ಅಡಾಪ್ಟರನ್ನೂ ಸಡಿಲ ಪ್ಲಗ್ ಪಾಯಿಂಟನ್ನೂ ನೋಡಬೇಕು. ಇಲ್ಲಿ ಲೋಗೋ ಇಲ್ಲ, ನೇರ ಚಿತ್ರ. ಅಂದರೆ ಸಿಗ್ನಲ್ ಕಡಿದು ಮತ್ತೆ ಕೂಡಿಕೊಳ್ಳುತ್ತಿದೆ. (ಕಪ್ಪಾಗುವುದರ ಬದಲು ಗೆರೆ ಬರುತ್ತಿದ್ದರೆ ಸ್ಕ್ರೀನ್‌ಶಾಟ್ ತೆಗೆಯಿರಿ. ಅದರಲ್ಲೂ ಗೆರೆ ಇದ್ದರೆ ಗ್ರಾಫಿಕ್ಸ್ ಕಾರ್ಡ್ ಕಡೆಯ ತೊಂದರೆ, ಇಲ್ಲದಿದ್ದರೆ ಕೇಬಲ್ ಇಲ್ಲವೇ ಪ್ಯಾನಲ್.)

ಎಲ್ಲರೂ ಕೊಡುವ ಸಲಹೆ, ಹರ್ಟ್ಸ್ ಇಳಿಸಿ. 165ರಿಂದ 120ಕ್ಕೆ ಇಳಿಸಿದರೂ ಅದೇ ರಾಗ. ತಲೆ ಕೆಡಿಸಿದ್ದು ಇದೇ. ಕೊನೆಗೆ ದಾರಿ ತೋರಿಸಿದ್ದೂ ಇದೇ.

ಪಿಸಿಯಿಂದ ಮಾನಿಟರ್‌ಗೆ ಚಿತ್ರ ಒಯ್ಯುವ ಡಿಸ್‌ಪ್ಲೇಪೋರ್ಟ್ ಲಿಂಕ್ ಬೇಕಾದಷ್ಟೇ ವೇಗದಲ್ಲಿ ಓಡುವುದಿಲ್ಲ, ಮೆಟ್ಟಿಲ ಮೇಲೆ ನಿಲ್ಲುತ್ತದೆ: ಒಂದು ಲೇನ್‌ಗೆ (ಡೇಟಾ ಹರಿಯುವ ತಂತಿಜೋಡಿಗೆ) ಸೆಕೆಂಡಿಗೆ 1.62, 2.7, 5.4 ಅಥವಾ 8.1 ಗಿಗಾಬಿಟ್. ಲೇನ್ ನಾಲ್ಕು. ಕಳಿಸುವ ಪ್ರತಿ ಹತ್ತು ಬಿಟ್‌ನಲ್ಲಿ ನಮ್ಮ ಪಾಲಿಗೆ ಬರುವುದು ಎಂಟು. ಹಾಗಾಗಿ 5.4ರ ಮೆಟ್ಟಿಲಲ್ಲಿ ಸಿಗುವುದು 17.28, 8.1ರಲ್ಲಿ 25.92. ನಮ್ಮ ಮಾನಿಟರ್‌ಗೆ 165 ಹರ್ಟ್ಸ್, 8 ಬಿಟ್ ಬಣ್ಣಕ್ಕೆ ಸುಮಾರು 16.5 ಸಾಕು, 10 ಬಿಟ್‌ಗೆ 20.5ರ ಹತ್ತಿರ ಬೇಕು. ಆದರೆ ಕೆಲವು ಡ್ರೈವರ್‌ಗಳು ಈ ಲೆಕ್ಕಕ್ಕೇ ಹೋಗುವುದಿಲ್ಲ. ಮಾನಿಟರ್ '8.1 ಆಗುತ್ತೆ' ಅಂದರೆ ನೇರ ಅಲ್ಲಿಗೇ ಹತ್ತಿ ಕೂರುತ್ತವೆ. ಹರ್ಟ್ಸ್ ಇಳಿಸಿದರೂ ತಂತಿಯ ಮೇಲಿನ ವೇಗ ಅಷ್ಟೇ ಇರುತ್ತದೆ.

ಹಾಗಾಗಿ ಮುಟ್ಟಬೇಕಾದದ್ದು ಮಾನಿಟರ್ ಮೆನುವಿನ ಡಿಸ್‌ಪ್ಲೇಪೋರ್ಟ್ ಆವೃತ್ತಿಯನ್ನು. 1.4ರಿಂದ 1.2ಕ್ಕೆ ಇಳಿಸಿದ ಕೂಡಲೇ ಲಿಂಕ್ 5.4ಕ್ಕೆ ಬಂತು, ಕಪ್ಪಾಗುವುದು ಪೂರ್ತಿ ನಿಂತಿತು, 165 ಹರ್ಟ್ಸ್‌ನಲ್ಲೇ! ಕಳ್ಳ ಕೇಬಲ್ಲೇ ಎಂದು ಖಾತ್ರಿಯಾಯಿತು. ಪೆಟ್ಟಿಗೆಯಲ್ಲಿ ಬಂದ ತಂತಿ ಆರ್ಮ್‌ಗೆ ಸಾಲದೆಂದು ತಂದಿದ್ದ 3 ಮೀಟರ್ ಸರಕು ಅದು. 8.1ರ ವೇಗಕ್ಕೆ ಸಾದಾ ತಾಮ್ರದ ತಂತಿ 2 ಮೀಟರ್ ಒಳಗಿದ್ದರೆ ಕ್ಷೇಮ.

ಡಿಸ್‌ಪ್ಲೇಪೋರ್ಟ್ ಬದಲು ಎಚ್‌ಡಿಎಂಐ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅದರ 2.0 ಆವೃತ್ತಿಯಲ್ಲಿ ಸಿಗುವುದು 14.4 ಗಿಗಾಬಿಟ್, 144 ಹರ್ಟ್ಸ್‌ಗೇ ಉಸಿರು ಕಟ್ಟುತ್ತದೆ. ಅದರ ಮೇಲೆ ಕಾರ್ಡ್ ಮಾನಿಟರನ್ನು ಟಿವಿ ಅಂದುಕೊಂಡು 16–235 ರೇಂಜ್ (ಕಪ್ಪು–ಬಿಳುಪಿನ ಮಟ್ಟ ಕಿರಿದಾಗಿಸಿದ ಟಿವಿ ಶ್ರೇಣಿ) ಕಳಿಸಿದರೆ ಕಪ್ಪೆಲ್ಲ ಬೂದಿ ಬಣ್ಣ. ಹಾಗಾದರೆ ಡ್ರೈವರ್‌ನಲ್ಲಿ ಫುಲ್ ರೇಂಜ್, 0–255, ಆಯ್ದುಕೊಳ್ಳಿ.

ಇನ್ನು ಎರಡನೇ ಕಾಯಿಲೆ. ಪಿಸಿ ಶಟ್‌ಡೌನ್ ಮಾಡಿ, ಪವರ್ ಸಪ್ಲೈ ಹಿಂದಿನ ಸ್ವಿಚ್ಚನ್ನೂ ಆರಿಸಿದ ಮೇಲೆ ಗ್ರಾಫಿಕ್ಸ್ ಕಾರ್ಡಿನ ಅಂಚಿನ ಎಲ್‌ಇಡಿ ಮಿಣಿಮಿಣಿ ಉರಿಯುತ್ತಲೇ ಇತ್ತು. ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಬಿಡಿಭಾಗ) ಖಾಲಿಯಾಗಲಿ ಎಂದು ಕಾದರೂ ಆರಲಿಲ್ಲ. ಡಿಸ್‌ಪ್ಲೇಪೋರ್ಟ್ ಪ್ಲಗ್ ಎಳೆದಾಗ ಟಪ್ಪೆಂದು ಆರಿತು. ಕಾರ್ಡಿಗೆ ಕರೆಂಟ್ ಕೊಡುತ್ತಿದ್ದದ್ದು ಮಾನಿಟರ್!

ಡಿಸ್‌ಪ್ಲೇಪೋರ್ಟ್ ಕನೆಕ್ಟರಿನ 20ನೇ ಪಿನ್‌ನಲ್ಲಿ 3.3 ವೋಲ್ಟ್ ಇರುತ್ತದೆ, ಸಿಗ್ನಲ್ ಬದಲಿಸುವ ಅಡಾಪ್ಟರ್‌ಗಳಿಗೆಂದು, 500 ಮಿಲಿಆಂಪ್ ತನಕ. ಮಾಮೂಲಿ ಕೇಬಲ್‌ನಲ್ಲಿ ಈ ಪಿನ್‌ಗೆ ತಂತಿಯೇ ಇರಕೂಡದು ಎನ್ನುತ್ತದೆ ನಿಯಮ. ಅಗ್ಗದ ಕೇಬಲ್ ಮಾಡುವವರು ಇಪ್ಪತ್ತೂ ಪಿನ್ ಬೆಸೆದು ಧಾರಾಳತನ ಮೆರೆಯುತ್ತಾರೆ. ಪಿಸಿ ಆರಿದಾಗ ಮಾನಿಟರ್‌ನ ವೋಲ್ಟೇಜ್ ಹಿಂದಕ್ಕೆ ಹರಿಯುತ್ತದೆ. ಕೆಲವು ಪಿಸಿಗಳು ಇದರಿಂದಲೇ ಬೂಟ್ ಆಗಲು ಮುಷ್ಕರ ಹೂಡುತ್ತವೆ.

ಪರೀಕ್ಷೆ ಸುಲಭ. ಕೇಬಲ್ಲನ್ನು ಎರಡೂ ಕಡೆ ಬಿಚ್ಚಿ, ಮಲ್ಟಿಮೀಟರ್ ಪ್ರೋಬ್‌ಗಳಿಗೆ ಹೊಲಿಗೆ ಸೂಜಿ ಕಟ್ಟಿ, ಕಂಟಿನ್ಯೂಟಿಗೆ (ತಂತಿ ಕೂಡಿದ್ದರೆ ಬೀಪ್ ಕೊಡುವ ಸೆಟ್ಟಿಂಗ್‌ಗೆ) ಇಟ್ಟು 20ರಿಂದ 20ಕ್ಕೆ ಮುಟ್ಟಿಸಿ. ಬೀಪ್ ಬಂದರೆ ಕೇಬಲ್ ಕಸದಬುಟ್ಟಿಗೆ. ಲೇನ್ ಪಿನ್‌ಗಳು ಅದಲುಬದಲಾಗಿರುತ್ತವೆ, ಈ ತುದಿಯ 1 ಆ ತುದಿಯ 12ಕ್ಕೆ ಹೋಗುತ್ತದೆ. ಗಾಬರಿ ಬೇಡ, ಅದು ಸರಿಯೇ. ಕ್ಯಾಪ್ಟಾನ್ ಟೇಪ್ (ಕರೆಂಟ್ ಹರಿಯಗೊಡದ ತೆಳು ಟೇಪ್) ಅಂಟಿಸಿ ಪಿನ್ ಮುಚ್ಚುವವರೂ ಇದ್ದಾರೆ. ಪಕ್ಕದ 18 ಹಾಟ್‌ಪ್ಲಗ್ ಪಿನ್, ಮಾನಿಟರ್ ಜೋಡಿಸಿದೆ ಎಂದು ಪಿಸಿಗೆ ತಿಳಿಸುವಂಥದ್ದು. ಟೇಪ್ ಸುರುಳಿಯಾಗಿ ಅದರ ಮೇಲೆ ಜಾರಿದರೆ ಪರದೆ ಮತ್ತೆ ಕಪ್ಪು.

ಅಂಗಡಿಯವರ ವಾದ: 'ಕವರ್ ಮೇಲೆ 8ಕೆ ಅಂತ ಇದೆಯಲ್ಲ ಸಾರ್!' ಸ್ಟಿಕ್ಕರ್‌ಗೆ ಎಷ್ಟು ಕೆ ಬೇಕಾದರೂ ಇರಬಹುದು. ಡಿಸ್‌ಪ್ಲೇಪೋರ್ಟ್ ನಿಯಮ ರೂಪಿಸುವ ವೆಸಾ ಸಂಸ್ಥೆ ಪ್ರಮಾಣೀಕರಿಸಿದ ಡಿಪಿ8ಕೆ (8.1ರ ವೇಗಕ್ಕೆ ಒಪ್ಪಿತ) ಕೇಬಲ್, 2 ಮೀಟರ್, ಇನ್ನೊಬ್ಬರಲ್ಲಿ ಸಿಕ್ಕಿತು. ಕ್ಯಾಬಿನೆಟ್ಟನ್ನು ಮೇಜಿನ ಆಚೆ ಬದಿಗೆ ಸರಿಸಿ ಉದ್ದ ಹೊಂದಿಸಿದ್ದಾಯಿತು. ಈಗ ಡಿಸ್‌ಪ್ಲೇಪೋರ್ಟ್ 1.4, 165 ಹರ್ಟ್ಸ್, 10 ಬಿಟ್, ಕಾರ್ಡಿನ ಎಲ್‌ಇಡಿ ಕತ್ತಲು.

ಮುಂದಿನದು, ಕೆಟ್ಟ ಲ್ಯಾಪ್‌ಟಾಪ್‌ನ 15.6 ಇಂಚಿನ ಎಲ್‌ಪಿ156ಡಬ್ಲ್ಯುಎಫ್6 ಪ್ಯಾನಲನ್ನು ಎರಡನೇ ಪರದೆ ಮಾಡುವುದು. 30 ಪಿನ್ ಇಡಿಪಿ (ಲ್ಯಾಪ್‌ಟಾಪ್ ಒಳಗಿನ ಡಿಸ್‌ಪ್ಲೇಪೋರ್ಟ್), ಜೊತೆಗೊಂದು ಕಂಟ್ರೋಲರ್ ಬೋರ್ಡ್, 12 ವೋಲ್ಟ್ ಅಡಾಪ್ಟರ್. ಬೋರ್ಡ್ ತರಿಸುವ ಮುನ್ನ ಪ್ಯಾನಲ್ ಬೆನ್ನಿನ ಲೇಬಲ್ ಪೂರ್ತಿ ಓದಿ ಪಿನ್‌ಔಟ್ (ಯಾವ ಪಿನ್ ಯಾವುದಕ್ಕೆ ಎಂಬ ಪಟ್ಟಿ) ತಾಳೆ ನೋಡಬೇಕು; ಬ್ಯಾಕ್‌ಲೈಟಿನ ವೋಲ್ಟೇಜ್ ಲಾಜಿಕ್ ಪಿನ್‌ಗೆ ಹೋದರೆ ಪ್ಯಾನಲ್ ಸುಟ್ಟಂತೆಯೇ. ಬೋರ್ಡ್ 30 ಪಿನ್ನಿನದೋ 40 ಪಿನ್ನಿನದೋ ಎಂದು ಕೇಳಿದ್ದಕ್ಕೆ ಮಾರುವವನ ಉತ್ತರ: 'ಎಲ್ಲಾದಕ್ಕೂ ಆಗುತ್ತೆ ಸಾರ್'.