ಯಾವ ಮೇಲ್ ಸರ್ವರ್?

ಆಫೀಸಿನ ಸಿಬ್ಬಂದಿಗೆ ಯಾವ ಮೇಲ್ ಸರ್ವರ್ ಹಾಕೋದು ಅಂತ ಒಂದು ವಾರದಿಂದ ಇದೇ ಯೋಚನೆ. ಕೊನೆಗೆ ಮನಸ್ಸು ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್ ಅನ್ನೋ ಸಾಫ್ಟ್‌ವೇರ್ ಜೋಡಿಯ ಕಡೆಗೇ ವಾಲಿದೆ. ಮೊದಲನೆಯದು ಮೇಲ್ ಕಳಿಸುತ್ತದೆ, ಬಂದದ್ದನ್ನು ತೆಗೆದುಕೊಳ್ಳುತ್ತದೆ, ಎರಡನೆಯದು ಅದನ್ನು ಜೋಪಾನವಾಗಿಟ್ಟು ಐಮ್ಯಾಪ್ (ಸರ್ವರ್‌ನಲ್ಲೇ ಇರುವ ಮೇಲ್ ಓದುವ ವಿಧಾನ) ಮೂಲಕ ಫೋನಿಗೂ ಕಂಪ್ಯೂಟರಿಗೂ ಒಂದೇ ರೀತಿ ತೋರಿಸುತ್ತದೆ. ಪೋಸ್ಟ್‌ಫಿಕ್ಸ್ 1998ರಿಂದ ಇದೆ, ಡವ್‌ಕಾಟ್ 2002ರಿಂದ. ಕ್ಯಾಲೆಂಡರ್, ವಿಳಾಸ ಪಟ್ಟಿ ಎಲ್ಲ ಒಟ್ಟಿಗೇ ಬೇಕು ಅಂದರೆ ಜಿಂಬ್ರಾ ಥರದ್ದು ನೋಡಬಹುದು, ಆದರೆ ಅದಕ್ಕೆ ಮೆಮೊರಿ ಜಾಸ್ತಿ ಬೇಕು.

ನನಗೆ ಮುಖ್ಯ ಅನಿಸಿದ್ದು ಮೇಲ್ ಎಲ್ಲಿ, ಹೇಗೆ ಉಳಿಯುತ್ತದೆ ಅನ್ನೋದು. ಮೇಲ್‌ಡಿರ್ ವಿಧಾನದಲ್ಲಿ ಒಂದೊಂದು ಮೇಲೂ ಒಂದೊಂದು ಫೈಲ್. ಬ್ಯಾಕಪ್ ಸುಲಭ, ನಾಳೆ ಬೇರೆ ಸರ್ವರ್‌ಗೆ ಹೋಗಬೇಕಾದರೂ ಯಾರ ಅಪ್ಪಣೆಯೂ ಬೇಕಿಲ್ಲ. ಜನರ ವರ್ಷಗಟ್ಟಲೆಯ ಮಾತುಕತೆ ಅದು, ಸುಮ್ನೆ ಕಳೆದುಹೋಗಬಾರದು ಅಲ್ವಾ?

ಇನ್ನು ಮೇಲ್ ನಿಜವಾಗಿ ನಮ್ಮಿಂದಲೇ ಬಂದದ್ದು ಅಂತ ಎದುರಿನವರು ಪರೀಕ್ಷಿಸಲು ಬೇಕಾದ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ದಾಖಲೆ ಮೂರನ್ನೂ ಡಿಎನ್‌ಎಸ್‌ನಲ್ಲಿ (ಇಂಟರ್ನೆಟ್ ಹೆಸರುಗಳ ವಿಳಾಸ ಪುಸ್ತಕದಲ್ಲಿ) ಮೊದಲೇ ಹಾಕಬೇಕು, ಇಲ್ಲದಿದ್ದರೆ ಎಂಥ ಒಳ್ಳೆಯ ಸರ್ವರ್ ಆರಿಸಿದರೂ ನಮ್ಮ ಮೇಲ್ ಎದುರಿನವರ ಸ್ಪ್ಯಾಮ್ ಫೋಲ್ಡರಿಗೆ ಹೋಗಿ ಬೀಳಬಹುದು. ಸರ್ವರ್‌ನ ಐಪಿ ವಿಳಾಸಕ್ಕೆ (ಇಂಟರ್ನೆಟ್‌ನಲ್ಲಿ ಅದರ ಸಂಖ್ಯೆ) ರಿವರ್ಸ್ ಡಿಎನ್‌ಎಸ್, ಅಂದರೆ ಆ ಸಂಖ್ಯೆಯಿಂದ ಹೆಸರು ಹುಡುಕುವ ದಾಖಲೆ ಕೂಡ ಬೇಕು. ಸೋಮವಾರ ಐದು ಜನರ ಖಾತೆ ಮಾಡಿ ಪರೀಕ್ಷೆ ಶುರು.