ಧರೆಯ ಬೀಜಾಣು, ಬಾವಲಿಯ ಬೀಜ: ಪ್ರಾಜೆಕ್ಟ್ ಎಲ್ಲಿಗೆ ಬಂತು

ಹೋಲಿಕೆಗೆ ಆರಿಸಿದ್ದು ಎರಡು ಜೀವಿ. ಮಲೆನಾಡಿನ ರಸ್ತೆ ಬದಿಯ ಧರೆಗಳಲ್ಲಿ, ಅಂದರೆ ಕಡಿದ ಮಣ್ಣಿನ ಗೋಡೆಗಳಲ್ಲಿ, ಪುಟ್ಟ ಪೈನ್ ಮರದ ಹಾಗೆ ನಿಲ್ಲುವ ಕ್ಲಬ್‌ಮಾಸ್ ಎಂಬ ಹೂವು, ಬೀಜ ಇಲ್ಲದ ಗಿಡ, ಲೈಕೋಪೋಡಿಯೆಲ್ಲಾ ಸರ್ನುವಾ. ಮತ್ತೆ ಗಿಡ್ಡ ಮೂತಿಯ ಹಣ್ಣುಬಾವಲಿ, ಸೈನಾಪ್ಟೆರಸ್ ಸ್ಫಿಂಕ್ಸ್. ಇವೆರಡಕ್ಕೂ ಎತ್ತಣ ಸಂಬಂಧ ಅನ್ನಬಹುದು. ಬೋಳು ಮಣ್ಣಿಗೆ ಹೊಸ ಗಿಡ ಹೇಗೆ ಬಂದು ಬೀಳುತ್ತದೆ ಅನ್ನುವುದಷ್ಟೇ ಇಲ್ಲಿನ ಪ್ರಶ್ನೆ. ಒಂದು ಬೀಜದ ಬದಲು ಪುಡಿಯಂಥ ಬೀಜಾಣುವನ್ನು ಗಾಳಿಗೆ ಬಿಡುತ್ತದೆ, ಇನ್ನೊಂದು ಮರದ ಬೀಜ ಹೊರುತ್ತದೆ.

ಬೀಜಾಣುವಿನ ಸ್ಲೈಡ್‌ಗಳು ತಯಾರಾಗಿವೆ. ಕವಲಿನ ತುದಿಯಲ್ಲಿ ತಲೆ ಬಗ್ಗಿಸಿದ, ಬೀಜಾಣು ತುಂಬಿದ ಶಂಕುಗಳು ಹಸಿರು ಬಿಟ್ಟು ಒಣಹುಲ್ಲಿನ ಬಣ್ಣಕ್ಕೆ ತಿರುಗಿದಾಗ ಅವನ್ನಷ್ಟೇ ಕತ್ತರಿಸಬೇಕು. ಕಾಗದದ ಲಕೋಟೆಯಲ್ಲಿ ಒಣಗಿಸಿದರೆ ತಿಳಿಹಳದಿ ಪುಡಿ ಉದುರುತ್ತದೆ. ಪ್ಲಾಸ್ಟಿಕ್ ಕವರ್ ಬೇಡ, ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಸ್ಲೈಡ್‌ಗೆ ಬರೀ ನೀರು ಹಾಕಿದರೆ ಪುಡಿ ನೆನೆಯದೆ ತೇಲುತ್ತದೆ. ಮೊದಲು ಒಂದು ತೊಟ್ಟು ಸ್ಪಿರಿಟ್, ಅದು ಆರುವ ಮುಂಚೆ ಗ್ಲಿಸರಿನ್. 400 ಪಟ್ಟು ಹಿಗ್ಗಿಸಿದಾಗ ಬೀಜಾಣುವಿನ ಮೇಲೆ ಮೂರು ಕವಲಿನ ಗೆರೆ ಕಾಣುತ್ತದೆ. ಗಾತ್ರ ಸುಮಾರು 30 ಮೈಕ್ರೊಮೀಟರ್. ಹತ್ತಿರ ಉರಿ ಇರಕೂಡದು: ಈ ಜಾತಿಯ ಪುಡಿ ಗಾಳಿಯಲ್ಲಿ ಹರಡಿಕೊಂಡಾಗ ಭಗ್ಗನೆ ಹೊತ್ತಿಕೊಳ್ಳುತ್ತದೆ.

ಬಾವಲಿಯನ್ನು ಹಿಡಿಯುವ ಮಾತೇ ಇಲ್ಲ, ಬೇಕಾದದ್ದು ಅದು ಉಗುಳಿದ್ದು ಮತ್ತು ಹಿಕ್ಕೆ. ಗಸಗಸೆ ಹಣ್ಣಿನ ಮರಕ್ಕೆ ಬಂದರೂ ಇದು ಅಲ್ಲೇ ಕೂತು ತಿನ್ನುವುದು ಕಡಿಮೆ. ಹಣ್ಣು ಕಚ್ಚಿಕೊಂಡು ಹತ್ತಿರದ ಇನ್ನೊಂದು ಮರಕ್ಕೆ ಹೋಗಿ, ರಸ ಹೀರಿ, ಚರಟವನ್ನು ಉಂಡೆ ಮಾಡಿ ಉಗುಳುತ್ತದೆ. ಹಾಗಾಗಿ ಶೀಟು ಹಾಸಬೇಕಾದದ್ದು ಹಣ್ಣಿನ ಮರದ ಕೆಳಗಲ್ಲ, ಚರಟ ಬಿದ್ದಿರುವ ಜಾಗದಲ್ಲಿ. ನೆಲದ ಮೇಲೆ ಹಾಸಿದರೆ ಬೆಳಗಾಗುವಷ್ಟರಲ್ಲಿ ಇರುವೆಗಳು ಬೀಜ ಸಾಗಿಸಿಬಿಡುತ್ತವೆ. ನಾಲ್ಕು ಮೂಲೆಗೆ ಹಗ್ಗ ಕಟ್ಟಿ ಮೇಲೆತ್ತಿ, ಹಗ್ಗಕ್ಕೆ ಗ್ರೀಸ್ ಸವರಿ. ಕೈಗವಸು, ಮಾಸ್ಕ್ ಕಡ್ಡಾಯ. ನಿಫಾ ವೈರಸ್ಸಿನ ಮುಖ್ಯ ನೆಲೆ ಟೆರೋಪಸ್ ಕುಲದ ದೊಡ್ಡ ಬಾವಲಿಗಳು ನಿಜ, ಆದರೆ 2018ರಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ನಿಫಾ ಹರಡಿದ ನಂತರ ಯಾವ ಬಾವಲಿ ಎಂದು ತರ್ಕ ಮಾಡುತ್ತ ಕೂರುವುದು ಜಾಣತನವಲ್ಲ.

ಗಸಗಸೆ ಹಣ್ಣಿನ ಬೀಜ ಅರ್ಧ ಮಿಲಿಮೀಟರ್ ಆಸುಪಾಸು. ಚಹಾ ಸೋಸುವ ಜಾಲರಿಯಲ್ಲಿ ತೊಳೆದರೆ ನೀರಿನೊಟ್ಟಿಗೆ ಹೊರಟುಹೋಗುತ್ತದೆ, ಮಲ್ ಬಟ್ಟೆ ಬೇಕು. ಚರಟದ ಬೀಜ, ಹಿಕ್ಕೆಯ ಬೀಜ, ಮಾಗಿದ ಹಣ್ಣಿನಿಂದ ನೇರ ಹಿಂಡಿ ತೆಗೆದ ಬೀಜ, ಮೂರಕ್ಕೂ ಬೇರೆ ಬೇರೆ ಟ್ರೇ. ಮೂರನೆಯದು ಇಲ್ಲದಿದ್ದರೆ ಮೊಳಕೆಯಲ್ಲಿ ಕಂಡ ವ್ಯತ್ಯಾಸ ಬಾವಲಿಯಿಂದಲೇ ಬಂತು ಎನ್ನಲಾಗದು. ಬೀಜದ ಮೇಲೆ ಮಣ್ಣು ಮುಚ್ಚಬಾರದು, ಮೊಳೆಯಲು ಬೆಳಕು ಬೇಕು.

ಕಷ್ಟದ್ದು ಉಳಿದಿದೆ: ಬೀಜಾಣು ಮೊಳೆಸುವುದು. ಕ್ಲಬ್‌ಮಾಸ್‌ನ ಎಳೆಯ ಹಂತಕ್ಕೆ ಮಣ್ಣಿನ ಶಿಲೀಂಧ್ರದ ಜೊತೆ ಬೇಕು. ಕುಕ್ಕರಿನಲ್ಲಿ ಮಣ್ಣು ಬೇಯಿಸಿದರೆ ಪಾಚಿಯ ಕಾಟ ತಪ್ಪುತ್ತದೆ, ಶಿಲೀಂಧ್ರವೂ ಸಾಯುತ್ತದೆ. ಹಾಗಾಗಿ ಅದೇ ಧರೆಯ ಹಸಿ ಮಣ್ಣು, ಮಳೆನೀರು. ಬೋರ್‌ವೆಲ್ ನೀರಿನ ಸುಣ್ಣ ಹುಳಿ ಮಣ್ಣಿನ ಈ ಗಿಡಕ್ಕೆ ಒಗ್ಗದು. ಧರೆಯ ಮಣ್ಣಿನಲ್ಲಿ ಮೊದಲೇ ಬೀಜಾಣು ಇರಬಹುದಾದ್ದರಿಂದ ಪಕ್ಕದಲ್ಲಿ ಬಿತ್ತದ ಟ್ರೇ ಒಂದಿದೆ. ಸದ್ಯಕ್ಕೆ ಎರಡರಲ್ಲೂ ಹಸಿರು ಪೊರೆ ಕಟ್ಟಿದೆ, ಲೆನ್ಸ್ ಹಿಡಿದು ನೋಡಿದರೆ ಬರೀ ಹಾವಸೆಯ ಎಳೆಗಳು.